ಕಾಸರಗೋಡಿನ ಕಡೆ ಮುತ್ತಜ್ಜನನ್ನು ಹುಡುಕುವುದಾದರೆ

ಕಾಸರಗೋಡು ಕಡೆಯ ಕೊಂಕಣಿ ಕ್ರೈಸ್ತ ಮನೆತನದ ಮುತ್ತಜ್ಜನನ್ನು ದಾಖಲೆಗಳಲ್ಲಿ ಹುಡುಕುವುದು ಹೇಗೆ ಎಂದು ಕೇಳುವವರಿಗೆ ಇದು. ಇಲ್ಲದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಜನಗಣತಿಯಲ್ಲಿ ನಿಮ್ಮ ಮುತ್ತಜ್ಜ ಸಿಗುವುದಿಲ್ಲ. ಇಂಗ್ಲೆಂಡಿನವರು 1921ರ ಗಣತಿಯ ಮನೆಮನೆಯ ಹಾಳೆಗಳನ್ನು ನೂರು ವರ್ಷ ಕಾದಿಟ್ಟು 2022ರಲ್ಲಿ ತೆರೆದರು. ಅಲ್ಲಿ ಹೆಸರು ಹಾಕಿದರೆ ಮನೆಮಂದಿಯೆಲ್ಲ ಸಾಲಾಗಿ ಬರುತ್ತಾರೆ. ಅದನ್ನು ನೋಡಿ ನೀವು ಇಲ್ಲಿಯೂ ಹಾಗೇ ಇರಬಹುದು ಅಂದುಕೊಂಡಿದ್ದೀರಿ. ನಮ್ಮಲ್ಲಿ 1871ರಿಂದ ಎಣಿಕೆ ನಡೆದದ್ದು ಹೌದು, ಆದರೆ ಲೆಕ್ಕ ಕೂಡಿಸಿ ಮುಗಿದ ಮೇಲೆ ಮನೆಯ ಹಾಳೆಗಳನ್ನು ಯಾರೂ ಇಟ್ಟುಕೊಳ್ಳಲಿಲ್ಲ. ಮೇಲಾಗಿ 1948ರ ಜನಗಣತಿ ಕಾಯ್ದೆಯ ಪ್ರಕಾರ ಗಣತಿಯಲ್ಲಿ ಬರೆಸಿಕೊಂಡದ್ದನ್ನು ಹೊರಗಿನವರು ನೋಡುವಂತಿಲ್ಲ. ಉಳಿದಿರುವುದು ಕೋಷ್ಟಕ ಮಾತ್ರ: ಈ ತಾಲೂಕಿನಲ್ಲಿ ಕ್ರೈಸ್ತರು ಇಷ್ಟು, ತುಳು ಆಡುವವರು ಇಷ್ಟು, ಓದುಬರಹ ಬಲ್ಲವರು ಇಷ್ಟು. ನಿಮ್ಮ ಮುತ್ತಜ್ಜ ಅದರೊಳಗೆ ಒಂದು ಅಂಕಿಯಾಗಿ ಕೂತಿದ್ದಾರೆ.

ಇನ್ನು ಊರು. ನಿಮ್ಮ ಮನೆಯ ಹಳೆಯ ಕಾಗದದಲ್ಲಿ ‘ಸೌತ್ ಕೆನರಾ’ ಎಂದಿದೆ, ನಕ್ಷೆಯಲ್ಲಿ ಅದು ಕೇರಳ ತೋರಿಸುತ್ತದೆ ಎಂದು ಗಾಬರಿಯಾಗಬೇಡಿ. ಎರಡೂ ಸರಿ. 1956ರ ನವೆಂಬರ್ 1ರ ತನಕ ಕಾಸರಗೋಡು ಮದ್ರಾಸಿನ ಕೆಳಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆಮೇಲೆ ಕೇರಳ, ಅಲ್ಲಿ ಕಣ್ಣೂರು ಜಿಲ್ಲೆ, 1984ರಿಂದ ಸ್ವಂತ ಜಿಲ್ಲೆ. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ನಮ್ಮ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಬರೆಯಿತು, ಅದು ಬರೆದಲ್ಲೇ ಉಳಿಯಿತು. ಆ ಕಥೆ ಶುರು ಮಾಡಿದರೆ ನಿಮ್ಮ ಮುತ್ತಜ್ಜ ಹಿಂದೆ ಬೀಳುತ್ತಾರೆ, ಬಿಡಿ.

ನಿಮಗೆ ಬೇಕಾದದ್ದು ಇಷ್ಟು: ಸರ್ಕಾರ ಗೆರೆ ಎಳೆಯಿತು, ಇಗರ್ಜಿ (ಚರ್ಚು) ಎಳೆಯಲಿಲ್ಲ. ಮಂಜೇಶ್ವರ, ಕುಂಬಳೆ, ಬೇಳ, ಕಯ್ಯಾರು ಇವೆಲ್ಲ ಇವತ್ತಿಗೂ ಮಂಗಳೂರು ಧರ್ಮಪ್ರಾಂತದ ಕೆಳಗೇ ಇವೆ. ಭೂಮಿಯ ಕಾಗದಕ್ಕೆ ಮಲಯಾಳದ ಕಚೇರಿಗೆ ಅಲೆಯುವ ನಾವು ಜ್ಞಾನಸ್ನಾನದ (ಬ್ಯಾಪ್ಟಿಸಂ) ಚೀಟಿಗೆ ಬಿಷಪ್ಪರ ಮನೆಯಿರುವ ಮಂಗಳೂರಿನ ಕೊಡಿಯಾಲಬೈಲಿನ ಕಡೆ ಮುಖ ಮಾಡುವವರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳ. ನಿಮ್ಮ ಮುತ್ತಜ್ಜನ ಹೆಸರು ಈ ನಾಲ್ಕರಲ್ಲೂ ಬೇರೆಬೇರೆ ವೇಷ ಹಾಕಿಕೊಂಡಿರುತ್ತದೆ. ಅವರು ಕಳೆದುಹೋಗಿದ್ದಾರೆ ಅಂತ ನಿಮಗೆ ಅನಿಸಲು ಮುಕ್ಕಾಲು ಪಾಲು ಕಾರಣ ಇದೇ.

‘ಜಾನ್ ಡಿ'ಸೋಜ’ ಎಂದು ಹುಡುಕಿದರೆ ಹತ್ತಾರು ಜನ ಬರಬಹುದು, ಒಬ್ಬರೂ ಬಾರದಿರಬಹುದು. 1878ರ ಕೊನೆಗೆ ಮಂಗಳೂರಿಗೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿಗಳು ಪುಸ್ತಕ ಬರೆದದ್ದು ಲ್ಯಾಟಿನ್ನಿನಲ್ಲಿ. ಅಲ್ಲಿ ನಿಮ್ಮ ಜಾನ್ ಯೊವಾನೆಸ್. ಮನೆಯಲ್ಲಿ ಕರೆದದ್ದು ಜುವಾಂವ್. ಕನ್ನಡ ದಸ್ತಾವೇಜಿನಲ್ಲಿ ಡಿ'ಸೋಜ ಹೋಗಿ ಬರಿಯ ಸೋಜ. ನೆರೆಮನೆಯ ತುಳುವರಿಗೆ ಹೆಸರೇ ಬೇಡ, ಕೊಂಕಣಿ ಕ್ರೈಸ್ತರೆಲ್ಲ ‘ಪೊರ್ಬು’ ಅಂದರೆ ಮುಗಿಯಿತು. ಸಾಲದ್ದಕ್ಕೆ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡುವ ಕ್ರಮ. ನಾಲ್ಕು ಅಣ್ಣತಮ್ಮಂದಿರ ಮನೆಯಲ್ಲಿ ಒಂದೇ ಹೆಸರಿನ ನಾಲ್ಕು ಮೊಮ್ಮಕ್ಕಳು! ಹಾಗಾಗಿ ನಮ್ಮಲ್ಲಿ ಕುಲನಾಮ ಹಿಡಿದು ಹುಡುಕಬಾರದು, ಮನೆ ನಿಂತ ಜಾಗದ ಹೆಸರು ಹಿಡಿದು ಹುಡುಕಬೇಕು. ನಿಮ್ಮ ಅಜ್ಜಿ ಯಾವಾಗಲಾದರೂ ಒಂದು ಬೈಲು, ಗುಡ್ಡೆ, ಪದವು ಎಂದು ಹೆಸರು ಹೇಳಿದ್ದರೆ ಅದೇ ನಿಮ್ಮ ಕೈಯ ದೊಡ್ಡ ಸೊತ್ತು.

ಇಗರ್ಜಿಯ ಪುಸ್ತಕದ ಒಂದು ಸಾಲು ಹೇಗಿರುತ್ತದೆ ಎಂದರೆ: ದಿನ, ತಿಂಗಳು, ‘ಎಗೊ ಇನ್ಫ್ರಾಸ್ಕ್ರಿಪ್ತುಸ್ ಬಾಪ್ತಿಸಾವಿ’, ಕೆಳಗೆ ಸಹಿ ಹಾಕಿದ ನಾನು ಸ್ನಾನ ಕೊಟ್ಟೆ ಎಂದು. ಮುಂದೆ ಮಗುವಿನ ಹೆಸರು, ಗಂಡಾದರೆ ‘ಫಿಲಿಯುಮ್’, ಹೆಣ್ಣಾದರೆ ‘ಫಿಲಿಯಾಮ್’, ಅಪ್ಪ ಅಮ್ಮನ ಹೆಸರು. ಅಪ್ಪನ ಹೆಸರು ‘ಪೇತ್ರಿ’ ಎಂದಿದ್ದರೆ ಅದು ಹೊಸ ಹೆಸರಲ್ಲ, ಪೇತ್ರುಸನ ಮಗು ಎಂದು ಅರ್ಥ. ನಮ್ಮ ಭಾಷೆಯಲ್ಲಿ ಪೆದ್ರು. ಆಮೇಲೆ ‘ಪಾತ್ರಿನಿ’, ಅಂದರೆ ಮಗುವನ್ನು ಎತ್ತಿಕೊಂಡ ಜ್ಞಾನದ ತಂದೆತಾಯಿ. ಎಲ್ಲರೂ ಹಾರಿಸಿ ಓದುವುದು ಇದನ್ನೇ, ಕೆಲಸಕ್ಕೆ ಬರುವುದೂ ಇದೇ. ಇಬ್ಬರು ಜುವಾಂವರಲ್ಲಿ ನಿಮ್ಮವರು ಯಾರು ಎಂದು ತಿಳಿಯದಿದ್ದರೆ, ಎತ್ತಿಕೊಂಡವರು ಯಾರ ಕಡೆಯ ಮಾವ, ಯಾರ ಕಡೆಯ ಅತ್ತೆ ಎಂದು ನೋಡಿದರೆ ಕುಟುಂಬ ತಾನಾಗಿ ಬೇರೆಯಾಗುತ್ತದೆ.

ಪುಟದ ಅಂಚನ್ನೂ ನೋಡಿ. 1908ರಿಂದ ಜಾರಿಗೆ ಬಂದ ರೋಮಿನ ಆಜ್ಞೆಯಂತೆ, ಒಬ್ಬರ ಮದುವೆ ಎಲ್ಲೇ ಆಗಲಿ ಅವರ ಜ್ಞಾನಸ್ನಾನದ ಸಾಲಿನ ಪಕ್ಕದಲ್ಲಿ ಅದನ್ನು ಗುರುತು ಹಾಕಬೇಕು. ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಬೊಂಬಾಯಿಗೋ ಹೋಗಿ ಅಲ್ಲೇ ಮದುವೆಯಾದವರ ಸುಳಿವು ಊರಿನ ಪುಸ್ತಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬಿದ್ದಿರುತ್ತದೆ. ‘ಘಟ್ಟಕ್ಕೆ ಹೋದವರು ಮತ್ತೆ ಬರಲೇ ಇಲ್ಲ’ ಎಂದು ಮನೆಯಲ್ಲಿ ಹೇಳುವವರ ವಿಷಯದಲ್ಲಿ ಮೊದಲು ನೋಡಬೇಕಾದ ಜಾಗ ಅದು. ಮದುವೆಯ ಪುಸ್ತಕ ನೋಡುವಾಗ ಕಪ್ಪುದಿನಗಳ (ಈಸ್ಟರಿನ ಮೊದಲಿನ ಉಪವಾಸದ) ವಾರಗಳನ್ನು, ಕ್ರಿಸ್ಮಸ್ಸಿನ ಹಿಂದಿನ ವಾರಗಳನ್ನು ಬಿಟ್ಟು ನೋಡಿದರೂ ನಡೆದೀತು, ಆಗ ಮದುವೆ ಮಾಡಿಸುವ ರೂಢಿ ಇರಲಿಲ್ಲ.

ನಿಮ್ಮ ಜನಗಣತಿಗೆ ಹತ್ತಿರದ್ದು ಇಗರ್ಜಿಯಲ್ಲಿ ಒಂದು ಉಂಟು: ಕುಟುಂಬಗಳ ಪುಸ್ತಕ. ಲ್ಯಾಟಿನ್ನಿನಲ್ಲಿ ‘ಸ್ತಾತುಸ್ ಆನಿಮಾರುಮ್’. 1614ರ ರೋಮನ್ ವಿಧಿಗ್ರಂಥವೇ ಇದನ್ನು ಇಡಲು ಹೇಳಿದೆ. ಯಾವ ವಾಡೊ (ಇಗರ್ಜಿಯ ವಾರ್ಡು), ಯಾವ ಮನೆ, ಯಾರ್ಯಾರು ಇದ್ದಾರೆ ಎಂದು ಒಂದೇ ಕಡೆ ಸಿಗುತ್ತದೆ. ಎಲ್ಲ ಇಗರ್ಜಿಯಲ್ಲೂ ಹಳೆಯದು ಉಳಿದಿರುತ್ತದೆಂದು ನಂಬಿ ಬರಬೇಡಿ, ಗೆದ್ದಲು, ಮಳೆಗಾಲ ಎರಡೂ ನಮ್ಮಲ್ಲಿ ಜೋರು. ಪುಸ್ತಕ ಇಲ್ಲವಾದರೆ ವಾಡೊದ ಮುಖ್ಯಸ್ಥ ಗುರ್ಕಾರರನ್ನು ಕೇಳಿ. ಮನೆತನ ಯಾವ ಗುಡ್ಡೆಯಿಂದ ಯಾವ ಗುಡ್ಡೆಗೆ ಹೋಯಿತೆಂದು ಅವರ ಬಾಯಲ್ಲಿರುತ್ತದೆ.

ಇಗರ್ಜಿ ಹುಟ್ಟಿದ ವರ್ಷವನ್ನೂ ತಿಳಿದುಕೊಂಡು ಬನ್ನಿ. ಬೇಳದ ಇಗರ್ಜಿ ಆದದ್ದು 1890ರಲ್ಲಿ. ಅದಕ್ಕೂ ಮೊದಲಿನವರು ಆ ಪುಸ್ತಕದಲ್ಲಿ ಇರಲು ಸಾಧ್ಯವೇ ಇಲ್ಲ, ತಾಯಿ ಇಗರ್ಜಿಗೆ ಹೋಗಬೇಕು. ತಾಯಿ ಯಾವುದು ಎಂಬುದು ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಸಿಗುತ್ತದೆ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಇಗರ್ಜಿಗಳು ನೆಲಸಮವಾದವು, ಉಳಿದವರು ಮರಳಿದ್ದು 1799ರ ನಂತರ. ಅದಕ್ಕಿಂತ ಹಿಂದೆ ಹೋಗುವ ಆಸೆ ಇದ್ದರೆ ಕಡಿಮೆ ಇಟ್ಟುಕೊಳ್ಳಿ. ಸೆರೆಯಿಂದ ತಪ್ಪಿಸಿಕೊಂಡ ಕೆಲವರು ಕೊಡಗಿಗೆ ಹೋಗಿದ್ದರು, ವಿರಾಜಪೇಟೆಯ ಇಗರ್ಜಿ 1792ರದ್ದು.

ಇದೆಲ್ಲ ಇಗರ್ಜಿಯವರ ಭಾಗ್ಯ ಮಾರಾಯ್ರೆ. ಪಕ್ಕದ ಮನೆಯ ಬಂಟರು ತಮ್ಮ ಮುತ್ತಜ್ಜನನ್ನು ಹುಡುಕಬೇಕಾದರೆ ಪಾಲುಪಟ್ಟಿ, ಕೋರ್ಟಿನ ದಾವೆಯ ವಂಶಾವಳಿಯೇ ಗತಿ. ಅಳಿಯಸಂತಾನವಾದ್ದರಿಂದ ಅಲ್ಲಿ ಅಪ್ಪನ ಹೆಸರಿಗಿಂತ ಸೋದರಮಾವನ ಹೆಸರಿಗೆ ತೂಕ.

ಭೂಮಿಯ ಕಾಗದ ನಿಮಗೂ ಬೇಕಾಗುತ್ತದೆ, ಏಕೆಂದರೆ ಜಾಗದ ಹೆಸರು ಖಚಿತವಾಗುವುದು ಅಲ್ಲೇ. ಇಲ್ಲಿ ಹಿಡುವಳಿಗೆ ವರ್ಗ ಅನ್ನುತ್ತಿದ್ದರು. ನಿಮ್ಮವರು ವರ್ಗದಾರರಲ್ಲದೆ ಗೇಣಿಯವರಾಗಿದ್ದರೆ ಮೂಲಗೇಣಿಯೋ ಚಾಲಗೇಣಿಯೋ ನೋಡಿ. ಮೂಲಗೇಣಿ ಕಾಯಂ, ಹಾಗಾಗಿ ಅದರ ದಸ್ತಾವೇಜು ಸಿಗುವ ಸಂಭವ ಹೆಚ್ಚು. ಚಾಲಗೇಣಿಯವರ ಹೆಸರು ಎಷ್ಟೋ ಸಲ ಮೊದಲ ಬಾರಿ ಸರ್ಕಾರಿ ಕಾಗದಕ್ಕೆ ಬಂದದ್ದು 1970ರ ನಂತರ, ಕೇರಳದ ಲ್ಯಾಂಡ್ ಟ್ರಿಬ್ಯುನಲ್ ಪಟ್ಟೆ ಕೊಟ್ಟಾಗ. ಅದರಲ್ಲಿ ಉಳುವವನ ಅಪ್ಪನ ಹೆಸರೂ ಇದ್ದರೆ ಒಂದು ತಲೆಮಾರು ಹಿಂದೆ ದಾಟಿದ ಹಾಗೆ.

ಹಳೆಯ ಚೀಟುಗಳು ಕನ್ನಡದಲ್ಲಿವೆ, ಅಂಕಿಗಳೂ ಕನ್ನಡದವು. ಈಗಿನ ಗುಮಾಸ್ತರಿಗೆ ಕನ್ನಡ ಬಾರದಿರಬಹುದು, ನಿಮಗೆ ಹಳೆಯ ಕೈಬರಹ ಓದಲು ಬಾರದಿರಬಹುದು. ಇಬ್ಬರ ನಡುವೆ ಓದಿ ಹೇಳುವವರನ್ನು ಊರಿನಿಂದಲೇ ಕರೆದುಕೊಂಡು ಹೋಗಿ. ಕೆಲವು ಚೀಟುಗಳಲ್ಲಿ ಇಸವಿಯ ಬದಲು ಸಂವತ್ಸರದ ಹೆಸರು ಮಾತ್ರ ಇರುತ್ತದೆ. ಖರ ಎಂದಿದ್ದರೆ 1891–92 ಆಗಬಹುದು, 1951–52 ಆಗಬಹುದು. ಕಾಗದ, ಶಾಯಿ, ಸಾಕ್ಷಿಗಳ ಹೆಸರು ನೋಡಿ ತೀರ್ಮಾನಿಸಬೇಕು.

ಬರುವ ಮೊದಲು ವಿಗಾರರಿಗೆ (ಇಗರ್ಜಿಯ ಮುಖ್ಯ ಪಾದ್ರಿಗೆ) ಬರೆದು ಕೇಳಿ. ಪುಸ್ತಕ ತೋರಿಸುವುದೂ ಬಿಡುವುದೂ ಅವರಿಗೆ ಬಿಟ್ಟದ್ದು, ಅದು ಸಾರ್ವಜನಿಕ ದಾಖಲೆ ಅಲ್ಲ. ಭಾನುವಾರ ಬೇಡ, ವಾರದ ದಿನ ಬೆಳಗಿನ ಪೂಜೆ ಮುಗಿದ ಮೇಲೆ ಹೋಗಿ. ಹೆಸರು, ಅಂದಾಜು ವರ್ಷ, ಅಪ್ಪ ಅಮ್ಮನ ಹೆಸರು, ಮನೆಯ ಜಾಗ ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋದರೆ ಅವರಿಗೂ ಸುಲಭ. ಮೇ ತಿಂಗಳಲ್ಲಿ ಮಾತ್ರ ಬರಬೇಡಿ, ಮದುವೆಗಳ ಗದ್ದಲದಲ್ಲಿ ಇರುವವರನ್ನು ಬರೆದುಕೊಳ್ಳುವುದಕ್ಕೇ ಅವರಿಗೆ ಪುರುಸೊತ್ತಿರುವುದಿಲ್ಲ.