ಬಂಪರ್ ಗೀಚಿ ಸೀಳು ಬಿಟ್ಟಿದೆ, ಮನೆಯಲ್ಲೇ ಸರಿ ಮಾಡಬಹುದಾ?

ಹಿಂದೆ ಯಾವತ್ತೂ ಈ ಕೆಲಸ ಮಾಡಿಲ್ಲ, ಪ್ಲಾಸ್ಟಿಕ್ ಬಂಪರ್ ಮೂಲೆ ಸೀಳಿದೆ ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು, ಆದರೆ ಆತುರ ಬೇಡ.

ಮೊದಲು ಚೆನ್ನಾಗಿ ತೊಳೆದು ಒರೆಸಿ, ಗೀರಿನ ಮೇಲೆ ಅಡ್ಡಲಾಗಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಪೆಟ್ಟು ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್‌ಗಷ್ಟೇ ಬಿದ್ದಿರುತ್ತದೆ, ರಬ್ಬಿಂಗ್ ಕಾಂಪೌಂಡ್ ಅನ್ನೋ ಪಾಲಿಶ್ ಪೇಸ್ಟ್‌ನಲ್ಲಿ ಉಜ್ಜಿದರೆ ಸಾಕು.

ಜಾಸ್ತಿ ಕೆಲಸ ಇರುವುದು ಸೀಳಿನದ್ದೇ. ಅದು ಎಲ್ಲಿ ಮುಗಿಯುತ್ತದೋ ಅಲ್ಲಿ 3 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ಗಾಡಿಯ ಅದುರಾಟಕ್ಕೆ ಸೀಳು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಬಂಪರ್ ಹಿಂಬದಿಯಲ್ಲಿ ‘ಪಿಪಿ’ ಅಂತ ಅಚ್ಚಾಗಿದ್ದರೆ ಅದು ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್, ಮಾಮೂಲಿ ಎಪಾಕ್ಸಿ ಅಂಟು ಅದಕ್ಕೆ ಸರಿಯಾಗಿ ಅಂಟುವುದಿಲ್ಲ. ಹಿಂಬದಿಯಲ್ಲಿ ಸಣ್ಣ ಸ್ಟೀಲ್ ಜಾಲರಿ ಇಟ್ಟು, ಬಿಸಿ ಸೋಲ್ಡರಿಂಗ್ ಐರನ್‌ನಿಂದ ಒತ್ತಿ ಪ್ಲಾಸ್ಟಿಕ್ ಒಳಗೆ ಮುಳುಗಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಆ ಹೊಗೆ ಒಳ್ಳೆಯದಲ್ಲ, ಬಯಲಲ್ಲೇ ಮಾಡಿ.

ಆಮೇಲೆ ಪ್ಲಾಸ್ಟಿಕ್‌ಗೆ ಹೊಂದುವ ಪುಟ್ಟಿ, ಸ್ಯಾಂಡ್‌ಪೇಪರ್, ಪ್ರೈಮರ್, ಬಣ್ಣ, ಕೊನೆಗೆ ಕ್ಲಿಯರ್ ಕೋಟ್. ಸ್ಪ್ರೇಯನ್ನು ಒಂದೇ ಸಲ ದಪ್ಪಗೆ ಹೊಡೆದರೆ ಇಳಿಯುತ್ತದೆ, ತೆಳ್ಳಗೆ ಹೊಡೆದು ಒಣಗಲು ಬಿಟ್ಟು ಮತ್ತೆ ಹೊಡೆಯಿರಿ. ಬಣ್ಣದ ಕೋಡ್ ಹೆಚ್ಚಾಗಿ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಮೇಲಿರುತ್ತದೆ. ಬಂಪರ್ ಹಿಡಿದಿಡುವ ಕ್ಲಿಪ್‌ಗಳೇ ಮುರಿದಿದ್ದರೆ ಸುಮ್ನೆ ಒದ್ದಾಡಬೇಡಿ, ಗ್ಯಾರೇಜಿಗೆ ಕೊಡಿ.