ಕೈಮಗ್ಗವನ್ನು ನಿಲ್ಲಿಸಿದ್ದು ನಿಸರ್ಗವೇ?

ಮಾನ್ಯರೇ,

ಕಳೆದ ಸಂಚಿಕೆಯ ಲೇಖನವೊಂದು ಗದಗ-ಬೆಟಗೇರಿಯಲ್ಲಿ ಕೈಮಗ್ಗಗಳು ಕಡಿಮೆಯಾದದ್ದನ್ನು ‘ನಿಸರ್ಗದ ಆಯ್ಕೆ’ ಎಂದು ಕರೆದಿತ್ತು. ನೇಕಾರ ಮನೆತನದವರಾದ ತಾವು ಆ ಮಾತಿಗೆ ನೊಂದು ಎರಡು ಪ್ರಶ್ನೆ ಕೇಳಿದ್ದೀರಿ: ಜೀವಿಗಳನ್ನು ಕುರಿತ ಸಿದ್ಧಾಂತವನ್ನು ವ್ಯಾಪಾರಕ್ಕೂ ಕಲೆಗೂ ಹಚ್ಚುವುದೇ ತಪ್ಪಲ್ಲವೇ, ಹಾಗೆ ಹಚ್ಚಿದರೆ ಸೋತವರದೇ ದೋಷವೆಂದು ತೀರ್ಪು ಕೊಟ್ಟಂತಾಗುವುದಿಲ್ಲವೇ? ಎರಡನೆಯದರಲ್ಲಿ ನಾನು ಪೂರ್ತಿಯಾಗಿ ತಮ್ಮ ಕಡೆಗಿದ್ದೇನೆ. ಮೊದಲನೆಯದನ್ನು ಮಾತ್ರ ಒಪ್ಪಲಾರೆ, ಮತ್ತು ಒಪ್ಪದಿರುವುದರಲ್ಲಿಯೇ ತಮ್ಮ ವಾದಕ್ಕೆ ಹೆಚ್ಚು ಬಲವಿದೆ ಎಂದು ನಂಬಿದ್ದೇನೆ.

1859ರಲ್ಲಿ ಡಾರ್ವಿನ್ ಮುಂದಿಟ್ಟ ನಿಸರ್ಗದ ಆಯ್ಕೆಯ ವಾದ ಮೂರು ಸಂಗತಿಗಳ ಮೇಲೆ ನಿಂತಿದೆ. ಒಂದೇ ಬಗೆಯವುಗಳ ನಡುವೆಯೂ ಸಣ್ಣಪುಟ್ಟ ವ್ಯತ್ಯಾಸಗಳಿರಬೇಕು. ಆ ವ್ಯತ್ಯಾಸಗಳು ಮುಂದಿನ ಪೀಳಿಗೆಗೆ ಇಳಿಯಬೇಕು. ಇರುವ ಪರಿಸರದಲ್ಲಿ ಕೆಲವು ವ್ಯತ್ಯಾಸಗಳಿಗೆ ಉಳಿದವುಗಳಿಗಿಂತ ಹೆಚ್ಚು ವಾರಸುದಾರರು ಸಿಗಬೇಕು. ಇದರಲ್ಲಿ ರಕ್ತಮಾಂಸ ಇರಲೇಬೇಕೆಂಬ ಷರತ್ತಿಲ್ಲ. ಭಾಷೆಗಳು ರೂಪುಗೊಳ್ಳುವ ಬಗೆಗೂ ಜೀವಪ್ರಭೇದಗಳು ರೂಪುಗೊಳ್ಳುವ ಬಗೆಗೂ ಇರುವ ಸಾಮ್ಯವನ್ನು 1871ರಲ್ಲಿ ಸ್ವತಃ ಡಾರ್ವಿನ್ ಎತ್ತಿ ತೋರಿಸಿದ್ದರು. ಕಾಲ್ಡ್‌ವೆಲ್ ಎಂಬ ಭಾಷಾವಿದ್ವಾಂಸರಂತೂ 1856ರಷ್ಟು ಹಿಂದೆಯೇ ಕನ್ನಡ, ತಮಿಳು, ತೆಲುಗು, ತುಳುಗಳನ್ನು ಒಂದೇ ಕುಟುಂಬವೆಂದು ವಿವರಿಸಿದ್ದರು. ಆದ್ದರಿಂದ ಇಂಥ ವಿವರಣೆ ಕೊಡುವವರನ್ನು ಕೇಳಬೇಕಾದದ್ದು ಇಷ್ಟು: ಇಲ್ಲಿ ಇಳಿದು ಬರುತ್ತಿರುವುದು ಏನು, ಯಾರಿಂದ ಯಾರಿಗೆ, ಮತ್ತು ಆರಿಸುತ್ತಿರುವವರು ಯಾರು?

ನಮ್ಮ ಹುಬ್ಬಳ್ಳಿ-ಧಾರವಾಡದ ಸಂಗೀತ ಈ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಸಿದ್ಧಾಂತ ಎಲ್ಲಿ ಎಡವುತ್ತದೆ ಎಂಬುದನ್ನೂ ತೋರಿಸುತ್ತದೆ. ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿಯವರಿಗೆ ಇಳಿದ ಕಿರಾಣಾ ಎಂಬ ಗಾಯನಶೈಲಿಯಲ್ಲಿ, ಒಂದೊಂದೇ ಸ್ವರವನ್ನು ನಿಧಾನವಾಗಿ ಬಿಡಿಸುತ್ತ ರಾಗವನ್ನು ಬೆಳೆಸುವ ಕ್ರಮ ಪೀಳಿಗೆಯಿಂದ ಪೀಳಿಗೆಗೆ ಕಿವಿಗೆ ಬೀಳುತ್ತದೆ. ಗುರು ಹಾಡಿ ತೋರಿಸಿದ ಸ್ವರಗುಚ್ಛವನ್ನು ಎದುರಿಗೆ ಕೂತು ಮತ್ತೆ ಮತ್ತೆ ಹಾಡಿಯೇ ಅದು ಶಿಷ್ಯರ ಗಂಟಲಿಗೆ ಇಳಿಯಬೇಕು. ಆದರೂ ಒಬ್ಬರೇ ಗುರುವಿನ ಈ ಇಬ್ಬರು ಶಿಷ್ಯರನ್ನು ಕೇಳಿದವರು ಯಾರೂ ಒಬ್ಬರನ್ನು ಇನ್ನೊಬ್ಬರೆಂದು ಭ್ರಮಿಸುವುದಿಲ್ಲ. ಗಂಟಲಿನ ಚಿಕಿತ್ಸೆಯ ನಂತರ ಗಂಗೂಬಾಯಿಯವರ ಧ್ವನಿ ಭಾರವಾಯಿತು. ಆ ಭಾರವನ್ನೇ ಅವರು ತಮ್ಮ ಹಾಡುಗಾರಿಕೆಯ ಗಾಂಭೀರ್ಯವಾಗಿಸಿಕೊಂಡರು. ಬಾಳಿನಲ್ಲಿ ಗಳಿಸಿದ್ದು ಸಂತಾನಕ್ಕೆ ಇಳಿಯುತ್ತದೆಂದು 1809ರಲ್ಲಿ ಫ್ರಾನ್ಸಿನ ಜೀವವಿಜ್ಞಾನಿ ಲಾಮಾರ್ಕ್ ಹೇಳಿದ ವಿವರಣೆಯನ್ನು ಜೀವಶಾಸ್ತ್ರ ಕೈಬಿಟ್ಟಿತು, ಸಂಗೀತವಾದರೋ ಬದುಕಿರುವುದೇ ಗಳಿಸಿದ್ದನ್ನು ದಾಟಿಸುವುದರಿಂದ. ಇನ್ನು ಮಲ್ಲಿಕಾರ್ಜುನ ಮನಸೂರರು ಮೊದಲು ಮಿರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಆಮೇಲೆ ಮಂಜಿ ಖಾನ್, ಬುರ್ಜಿ ಖಾನರಿಂದ ಜೈಪುರ-ಅತ್ರೌಲಿ ಶೈಲಿಯನ್ನು ಪಡೆದವರು. ದೂರ ಸರಿದ ಎರಡು ಪ್ರಾಣಿಪ್ರಭೇದಗಳು ಹೀಗೆ ಮತ್ತೆ ಒಂದರಲ್ಲಿ ಕೂಡುವುದು ಅಪರೂಪ. (ಬ್ಯಾಕ್ಟೀರಿಯಾಗಳು ಮಾತ್ರ ಬೇರೆ ಕುಲದವರಿಂದಲೂ ಜೀನುಗಳನ್ನು ಪಡೆಯುತ್ತವೆ, ಕಲೆಯ ಇತಿಹಾಸ ಬರೆಯುವವರು ಅವುಗಳನ್ನು ಇನ್ನಷ್ಟು ಗಮನಿಸಬೇಕೆಂದು ನನ್ನ ಅನಿಸಿಕೆ.) ಆರಿಸುವವರೂ ಬದಲಾಗುತ್ತ ಬಂದರು: ಮೊದಲು ಸಂಸ್ಥಾನಿಕರು ಮತ್ತು ನಾಟಕ ಕಂಪನಿಗಳು, ಆಮೇಲೆ ಗ್ರಾಮೊಫೋನ್ ತಟ್ಟೆಗಳು ಮತ್ತು 1950ರಲ್ಲಿ ಧಾರವಾಡಕ್ಕೆ ಬಂದ ಆಕಾಶವಾಣಿ.

ಈಗ ಮಗ್ಗಕ್ಕೆ ಬರೋಣ. ಹಾಸು, ಅಂದರೆ ಮಗ್ಗದ ಉದ್ದೆಳೆಗಳು, ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಹೊಸೆದು ಕೂಡಿಸುವ ಕೆಲಸವನ್ನು ತಾವು ಚಿಕ್ಕಂದಿನಿಂದ ನೋಡಿದ್ದೀರಿ. ಎಳೆಯ ಬಿಗಿ ಎಷ್ಟಿರಬೇಕು, ಅಂಚಿನ ಬಳಿ ಕೈ ಎಷ್ಟು ಹಗುರಾಗಬೇಕು ಎಂಬುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಹಿರಿಯರ ಪಕ್ಕದಲ್ಲಿ ವರ್ಷಗಟ್ಟಲೆ ಕೂತವರಿಗೆ ಅದು ಒಲಿಯುತ್ತದೆ. ಸಿದ್ಧಾಂತ ಇಲ್ಲಿಯೇ ನಮಗೆ ನೆರವಾಗುವುದು. ಒಂದು ಕಸುಬು ಎರಡು ಬೇರೆ ಬೇರೆ ಕಾರಣಗಳಿಂದ ಅಳಿಯಬಹುದು: ಅದರ ಸರಕನ್ನು ಕೊಳ್ಳುವವರು ಇಲ್ಲವಾಗಬಹುದು, ಅಥವಾ ಕೊಳ್ಳುವವರು ಇದ್ದಾಗಲೇ ಕಲಿಯುವವರು ಇಲ್ಲವಾಗಬಹುದು. ಮಗ್ಗದ ಕೂಲಿಯಿಂದ ಮನೆ ನಡೆಯದೆ ಮಗ ಬೇರೆ ಕೆಲಸಕ್ಕೆ ಹೋದರೆ, ಅಂಗಡಿಯಲ್ಲಿ ಆ ಸೀರೆಗೆ ಬೇಡಿಕೆ ಇದ್ದರೂ ಒಂದೇ ತಲೆಮಾರಿನಲ್ಲಿ ಕೊಂಡಿ ಕಳಚುತ್ತದೆ. ಹೀಗೆ ಕಳಚಿದ್ದನ್ನೂ ‘ಆಯ್ಕೆ’ ಎಂದು ಕರೆದರೆ ಸಿದ್ಧಾಂತವನ್ನೇ ತಪ್ಪಾಗಿ ಓದಿದಂತೆ.

ಆಯ್ಕೆ ನಡೆದಿರುವ ಕಡೆಯಲ್ಲಿಯೂ ಆರಿಸಿದವರು ಇದ್ದೇ ಇದ್ದಾರೆ. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆಯ ಪಟ್ಟಿಯಲ್ಲಿ ಮೊದಲು 22 ಬಗೆಗಳಿದ್ದವು, ಮುಂದೆ ಅವು 11ಕ್ಕೆ ಇಳಿದವು. ನೂಲಿನ ದರ, ಸಾಲದ ಬಡ್ಡಿ, ಕೈಮಗ್ಗದ ವಿನ್ಯಾಸವನ್ನು ವಿದ್ಯುತ್ ಮಗ್ಗದಲ್ಲಿ ನಕಲು ಮಾಡಿ ಅದೇ ಹೆಸರಿನಲ್ಲಿ ಮಾರುವುದನ್ನು ತಡೆಯುವುದು ಅಥವಾ ತಡೆಯದಿರುವುದು, ಇವೆಲ್ಲ ಮನುಷ್ಯರ ತೀರ್ಮಾನಗಳು. ‘ಅರ್ಹವಾದುದು ಉಳಿಯುತ್ತದೆ’ ಎಂಬ ನುಡಿ 1864ರಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರ್ ಅವರಿಂದ ಬಂದದ್ದು, ಡಾರ್ವಿನ್ ಅದನ್ನು ಆಮೇಲೆ ಬಳಸಿಕೊಂಡರು. ಆ ಅರ್ಹತೆಯಾದರೂ ಆಯಾ ಪರಿಸರದ ಲೆಕ್ಕದಲ್ಲಿ ಮಾತ್ರ. ನೂಲಿನ ದರ ಬದಲಾದರೆ ಯಾರು ಅರ್ಹರೆಂಬುದೂ ಬದಲಾಗುತ್ತದೆ.

ಇದಕ್ಕೆ ಎದುರಾಗಿ ಕೆಲವರು ರಷ್ಯಾದ ಚಿಂತಕ ಕ್ರೊಪೊಟ್ಕಿನ್‌ರನ್ನು ಮುಂದಿಡುತ್ತಾರೆ. ಜೀವಿಗಳ ಉಳಿವಿಗೆ ಪೈಪೋಟಿಯಂತೆ ಪರಸ್ಪರ ಸಹಾಯವೂ ಕಾರಣವೆಂದು ಅವರು 1902ರಲ್ಲಿ ವಾದಿಸಿದರು. 1905ರಲ್ಲಿ ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತನದಲ್ಲಿ ಸಹಕಾರಿ ಸಂಘ ಹುಟ್ಟಿತು. ಈ ಎರಡೂ ವರ್ಷಗಳು ಹೀಗೆ ಅಕ್ಕಪಕ್ಕದಲ್ಲಿ ಬಂದದ್ದು ನನಗೆ ಬಹಳ ಪ್ರಿಯ. ಆದರೆ ನಿಸರ್ಗದಲ್ಲಿ ಸಹಕಾರವಿದೆ, ಆದ್ದರಿಂದ ಸಹಕಾರಿ ಸಂಘ ಸರಿ ಎಂದು ನಾನು ವಾದಿಸುವುದಿಲ್ಲ. ಸಾಲಕ್ಕಾಗಿ ರೈತರು ಸಾಹುಕಾರನ ಬಾಗಿಲಿಗೆ ಹೋಗುವುದು ತಪ್ಪಬೇಕಿತ್ತು. ಸಂಘ ಸರಿ ಎನ್ನಲು ಅಷ್ಟು ಸಾಕು. ನಿಸರ್ಗದಿಂದ ನೀತಿಯನ್ನು ಎಳೆದು ತೆಗೆಯುವ ಹಾದಿ ಎಲ್ಲಿಗೆ ಮುಟ್ಟಿತೆಂಬುದಕ್ಕೆ, ‘ಅನರ್ಹ’ರ ವಂಶ ಬೆಳೆಯಬಾರದೆಂದು ಅಮೆರಿಕದ ಇಂಡಿಯಾನಾ ರಾಜ್ಯ 1907ರಲ್ಲಿ ತಂದ ಬಲವಂತದ ಸಂತಾನಹರಣ ಕಾಯ್ದೆಯೇ ಸಾಕ್ಷಿ.

ತಮ್ಮ ಪತ್ರವನ್ನು ಒಂದು ಸಾಲನ್ನೂ ಬಿಡದೆ ಈ ಸಂಚಿಕೆಯಲ್ಲಿ ಅಚ್ಚು ಹಾಕಿದ್ದೇವೆ. ಮಗ್ಗಗಳ ವಿಷಯದಲ್ಲಿ ಆರಿಸಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಬರೆದು ಕಳಿಸುವಂತೆ ಲೇಖಕರನ್ನು ಕೇಳಿದ್ದೇವೆ. ಬೆಟಗೇರಿಯಲ್ಲಿ ಮಗ್ಗ ಬಿಟ್ಟವರು ಯಾವ ಕಾರಣಕ್ಕೆ ಬಿಟ್ಟರು, ಅವರ ಮನೆಯಲ್ಲಿ ಕೊನೆಗೆ ಕಲಿತವರು ಯಾರು ಎಂಬುದನ್ನು ತಾವು ಬರೆದುಕೊಟ್ಟರೆ, ಅದನ್ನು ಲೇಖಕರ ಉತ್ತರದ ಪಕ್ಕದಲ್ಲಿಯೇ ಪ್ರಕಟಿಸುತ್ತೇವೆ.

— ಸಂಪಾದಕ