ಬಂದೂಕು ಯಾವುದು ಅಂತ ನಾನೂ ಆರು ತಿಂಗಳು ಕೇಳಿದ್ದೆ

ಚಳಿಗಾಲಕ್ಕೆ ಕೆರೆಗೆ ಬರುವ ಬಾತು, ಹೆಬ್ಬಾತು ಹೊಡೆಯಲು 30 ಸಾವಿರದೊಳಗೆ ಯಾವ ಬಂದೂಕು ಒಳ್ಳೆಯದು, ಒಂಟಿ ನಳಿಗೆ ಸಾಕಾ ಜೋಡು ನಳಿಗೆ ಬೇಕಾ, ಇಲ್ಲ ಏರ್ ಗನ್ ತಗೊಂಡರೆ ನಡೆಯುತ್ತದಾ ಅಂತ ಕೇಳಿದ್ದೀರಿ. ಹಾವೇರಿ ಕಡೆಯವರು, ಹೊಲಕ್ಕೆ ಹಕ್ಕಿ ಬೀಳುತ್ತವೆ ಅಂತಲೂ ಬರೆದಿದ್ದೀರಿ. 2008ರಲ್ಲಿ ಇದೇ ಪ್ರಶ್ನೆ ಹಿಡಿದುಕೊಂಡು ಹುಬ್ಬಳ್ಳಿ, ಬೆಳಗಾವಿ ಅಂತ ಆರು ತಿಂಗಳು ಅಲೆದವನು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಗದಗ ಜಿಲ್ಲೆಯ ಶಿರಹಟ್ಟಿ ಕಡೆ. ಅಜ್ಜನದೊಂದು ಹನ್ನೆರಡು ಬೋರಿನ (ಬೋರು ಅಂದರೆ ನಳಿಗೆಯ ಒಳ ಅಗಲದ ಅಳತೆ) ಒಂಟಿ ನಳಿಗೆ ಬಂದೂಕಿತ್ತು. ನಡುಮನೆಯ ಗೂಟಕ್ಕೆ ಇರುತ್ತಿತ್ತು. ಎಲೆಕ್ಷನ್ ಬಂದರೆ ಠಾಣೆಗೆ ಒಪ್ಪಿಸಿ ಬರುತ್ತಿದ್ದ, ಮುಗಿದ ಮೇಲೆ ತಂದು ಎಣ್ಣೆ ಹಚ್ಚುತ್ತಿದ್ದ, ಆಯುಧ ಪೂಜೆಗೆ ಅದಕ್ಕೊಂದು ಹೂವು. ಅಜ್ಜ ತೀರಿಕೊಂಡ ಮೇಲೆ ಎರಡು ವರ್ಷ ಆಫೀಸು ಅಲೆದು ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಅದರಲ್ಲಿ ಕಾರಣ ಅಂತ ಬರೆದಿದ್ದ ಎರಡು ಶಬ್ದ: ಬೆಳೆ ರಕ್ಷಣೆ.

ಆಮೇಲೆ ಹೆಬ್ಬಾತಿನ ಆಸೆ ಹತ್ತಿತು. ನಮ್ಮ ಕಡೆ ನವೆಂಬರ್‌ನಿಂದ ಪಟ್ಟೆತಲೆ ಹೆಬ್ಬಾತು ಬರುತ್ತವೆ, ಇಂಗ್ಲಿಷಿನವರು ಬಾರ್ ಹೆಡೆಡ್ ಗೂಸ್ ಅನ್ನುತ್ತಾರೆ. ಹಗಲೆಲ್ಲ ಕೆರೆಯಲ್ಲಿ ಕೂರುತ್ತವೆ, ಕತ್ತಲಾದ ಮೇಲೆ ಕಡಲೆ, ಶೇಂಗಾ ಹೊಲಕ್ಕೆ ಇಳಿದು ಮೇಯ್ದು ನಸುಕಿಗೆ ವಾಪಸ್. ಒಂಟಿ ನಳಿಗೆಯಲ್ಲಿ ಒಂದು ಈಡು ತಪ್ಪಿದರೆ ಇನ್ನೊಂದು ತೋಟಾ ತುಂಬುವಷ್ಟರಲ್ಲಿ ಹಿಂಡೇ ಎದ್ದು ಹೋಗುತ್ತದೆ ಅಂತ ಯಾರೋ ಹೇಳಿದರು. ಸರಿ, ಅಜ್ಜನ ಬಂದೂಕನ್ನು ಅಂಗಡಿಗೆ ಕೊಟ್ಟು ಮೇಲೆ 14 ಸಾವಿರ ಹಾಕಿ, ಬೇಕಾದ ಕಾಗದ ಪತ್ರ ಎಲ್ಲ ಮಾಡಿಸಿ, ಹಳೆಯ ಜೋಡು ನಳಿಗೆ ತಂದೆ. ಎಷ್ಟು ವಿಚಾರ ಮಾಡಿದ್ದೆ ಗೊತ್ತಾ? ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ತುಕ್ಕಿನ ಗುಳಿ ಇದೆಯಾ ನೋಡಿದೆ. ಮಡಚುವ ಕೀಲು ಸಡಿಲ ಇದೆಯಾ ಅಂತ ಅಲ್ಲಾಡಿಸಿದೆ. ಹಿಡಿಯ ತುದಿಯನ್ನು ಮೊಳಕೈ ಮಡಿಕೆಯಲ್ಲಿಟ್ಟು ಬೆರಳು ಟ್ರಿಗರ್‌ಗೆ ಸರಿಯಾಗಿ ಮುಟ್ಟುತ್ತದಾ ಅಂತ ಅಳೆದೆ. ಹೆಬ್ಬಾತಿಗೆ ಯಾವ ನಂಬರಿನ ಛರ್ರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡು, ಬೇಕು ಅಂತ ನಾಲ್ಕು ಜನರನ್ನು ಕೇಳಿದೆ. ಆದರೆ ಹೆಬ್ಬಾತು ಹೊಡೆಯಬಹುದಾ ಅಂತ ಒಬ್ಬರನ್ನೂ ಕೇಳಲಿಲ್ಲ.

2009ರ ಜನವರಿ. ನಸುಕು ಹರಿಯುವ ಹೊತ್ತು, ಕೆರೆ ಏರಿಯ ಜಾಲಿ ಮರದ ಬುಡದಲ್ಲಿ ಕೂತಿದ್ದೆ. ಹಿಂಡು ಕೂಗುತ್ತಾ ಇಳಿಯಿತು. ಎರಡೂ ನಳಿಗೆ ಹಾರಿಸಿದೆ, ಒಂದು ಬಿತ್ತು. ಮೊಳಕಾಲುದ್ದ ನೀರಿಗೆ ಇಳಿದು ಎತ್ತಿಕೊಂಡೆ. ಬೆಳ್ಳನೆಯ ತಲೆ, ಹಿಂದೆ ಎರಡು ಕರಿ ಪಟ್ಟೆ, ಕಿತ್ತಳೆ ಕಾಲು, ಮೈ ಇನ್ನೂ ಬಿಸಿ. ಕೊಕ್ಕಿನ ಅಂಚಿಗೆ ಕಡಲೆ ಸೊಪ್ಪಿನ ಒಂದು ಹಸಿರು ಚೂರು ಅಂಟಿತ್ತು. ಹಿಂಡೆಲ್ಲ ದೂರ ಹೋಯಿತು, ಒಂದು ಮಾತ್ರ ನನ್ನ ತಲೆ ಮೇಲೆ ಮೂರು ನಾಲ್ಕು ಸುತ್ತು ಕೂಗುತ್ತಾ ತಿರುಗಿತು. ಆ ಕೂಗು ಈಗಲೂ ಕಿವಿಯಲ್ಲಿದೆ.

ಈಡಿನ ಸಪ್ಪಳ ಕೇಳಿ ಯಾರೋ ಫೋನ್ ಮಾಡಿದ್ದರು. ಒಂಬತ್ತು ಗಂಟೆಗೆ ಅರಣ್ಯ ಇಲಾಖೆಯವರು ಮನೆ ಮುಂದೆ. ನಾನು ಧೈರ್ಯದಿಂದ ಲೈಸೆನ್ಸ್ ತಂದು ಕೊಟ್ಟೆ. ಗಾರ್ಡ್ ಓದಿ ವಾಪಸ್ ಕೊಟ್ಟು ಹೇಳಿದ: "ಲೈಸೆನ್ಸ್ ಬಂದೂಕಿಗೆ ಐತ್ರಿ ಸರ, ಹಕ್ಕಿಗೆ ಇಲ್ರಿ."

ಇದೊಂದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಲೈಸೆನ್ಸ್ ಇರುವವರಲ್ಲಿ ಬಹಳ ಜನ ಇಂದಿಗೂ ನಾನು ತಿಳಿದ ಹಾಗೇ ತಿಳಿದಿದ್ದಾರೆ. ಬಂದೂಕು ಇಟ್ಟುಕೊಳ್ಳಲು ಲೈಸೆನ್ಸ್ ಕೊಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. ಪ್ರಾಣಿ ಪಕ್ಷಿ ಹೊಡೆಯುವುದನ್ನು ತಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಎರಡೂ ಬೇರೆ ಬೇರೆ. ಮೊದಲನೆಯದರ ಕಾಗದ ಎರಡನೆಯದಕ್ಕೆ ನಡೆಯುವುದಿಲ್ಲ. "ಬೆಳೆ ರಕ್ಷಣೆ" ಅಂತ ಬರೆದಿರುವುದು ನಿಮಗೆ ಬಂದೂಕು ಯಾಕೆ ಕೊಟ್ಟೆವು ಅನ್ನುವ ಕಾರಣ, ಅಷ್ಟೇ. ಹೊಲಕ್ಕೆ ಬಿದ್ದದ್ದನ್ನೆಲ್ಲ ಹೊಡೆಯಿರಿ ಅನ್ನುವ ಪರವಾನಗಿ ಅದಲ್ಲ. ಬೆಳೆಗೆ ಅಪಾಯ ಅಂತ ಪ್ರಾಣಿ ಹೊಡೆಯಬೇಕಾದರೂ ಅಧಿಕಾರ ಇರುವ ಅರಣ್ಯ ಅಧಿಕಾರಿ ಕಾರಣ ಬರೆದು ಲಿಖಿತ ಆದೇಶ ಕೊಡಬೇಕು. ನನಗಂತೂ ಬೆಳೆಯ ನೆಪ ಕೂಡ ಇರಲಿಲ್ಲ. ಹಕ್ಕಿ ನೀರಿನ ಮೇಲಿತ್ತು, ನನ್ನ ಹೊಲ ಅಲ್ಲಿಂದ ಅರ್ಧ ಕಿಲೋಮೀಟರ್.

ಅಜ್ಜನ ಕಾಲದವರು ಬಾತು ಹೊಡೆದ ಕಥೆ ಹೇಳುತ್ತಾರಲ್ವಾ, ಅದು ಸುಳ್ಳಲ್ಲ. ಆಗ ಕೆಲವು ಹಕ್ಕಿಗಳ ಬೇಟೆಗೆ ಬೇರೆಯೇ ಲೈಸೆನ್ಸ್ ಸಿಗುತ್ತಿತ್ತು. 1991ರ ತಿದ್ದುಪಡಿಯಲ್ಲಿ ಆ ಬಾಗಿಲು ಮುಚ್ಚಿತು. ಕಥೆ ಮಾತ್ರ ನಮ್ಮ ಕಟ್ಟೆಗಳಲ್ಲಿ ಉಳಿದುಕೊಂಡಿತು, ನಾನು ಅದನ್ನೇ ಕಾನೂನು ಅಂತ ನಂಬಿದ್ದೆ.

ಕೇಸು ನಾಲ್ಕು ವರ್ಷ ನಡೆಯಿತು. ತಾರೀಖು ಇದ್ದ ದಿನ ಹೊಲದ ಕೆಲಸ ಬಿಟ್ಟು ಬಸ್ಸು ಹತ್ತಬೇಕು. ವಕೀಲರ ಫೀಸಿಗೆ ಸಾಲ ಮಾಡಿದೆ. ಕೊನೆಗೆ ದಂಡ ಕಟ್ಟಿದೆ, ಬಂದೂಕು ಸರ್ಕಾರದ ಪಾಲಾಯಿತು, ಲೈಸೆನ್ಸ್ ರದ್ದಾಯಿತು. ಅಜ್ಜನ ಬಂದೂಕು ಕೊಟ್ಟು ತಂದದ್ದು ಹೋಯಿತು, ಅಜ್ಜನದು ಅಂಗಡಿಯಿಂದ ಯಾರ ಕೈಗೆ ಹೋಯಿತೋ. ಅವ್ವ ಆ ಗೂಟಕ್ಕೆ ಈಗ ಛತ್ರಿ ಹಾಕುತ್ತಾಳೆ.

ಈಗ ಶಿಕ್ಷೆ ಇನ್ನೂ ಜಾಸ್ತಿ. 2022ರ ತಿದ್ದುಪಡಿ ಆದ ಮೇಲೆ ಸಾಮಾನ್ಯ ಅಪರಾಧಕ್ಕೇ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಏರ್ ಗನ್ ವಿಷಯ ಕೇಳಿದ್ದೀರಿ. ಸಣ್ಣ ಶಕ್ತಿಯ 0.177 ಏರ್ ಗನ್‌ಗೆ ಲೈಸೆನ್ಸ್ ಬೇಡ, ನಿಜ. ಆದರೆ ಕಾನೂನಿನಲ್ಲಿ ಬೇಟೆ ಅಂದರೆ ಬಂದೂಕು ಮಾತ್ರ ಅಲ್ಲ. ಬಲೆ, ಉರುಳು, ವಿಷ ಎಲ್ಲ ಬರುತ್ತದೆ, ಪ್ರಯತ್ನ ಪಟ್ಟರೂ ಬೇಟೆಯೇ. ತಪ್ಪಿ ಹೋಯಿತು, ಹಕ್ಕಿ ಸಾಯಲಿಲ್ಲ ಅಂದರೂ ಕೇಸೇ.

ನೀವು ಅಮೆರಿಕದ ವಿಡಿಯೋ ನೋಡಿ ಪಂಪ್ ಆಕ್ಷನ್, ಅಂದರೆ ಮುಂಗೈ ಹಿಡಿ ಹಿಂದೆ ಮುಂದೆ ಎಳೆದು ಮುಂದಿನ ತೋಟಾ ತುಂಬುವ ಬಂದೂಕಿನ, ಬಗ್ಗೆಯೂ ಬರೆದಿದ್ದೀರಿ. ಅಲ್ಲಿ ಬಾತು ಹೊಡೆಯಲು ಸೀಸನ್ ಇದೆ, ಲೈಸೆನ್ಸ್ ಇದೆ, ಅದರ ಮೇಲೆ ಡಕ್ ಸ್ಟಾಂಪ್ ಅಂತ ಕೊಳ್ಳಬೇಕು, ದಿನಕ್ಕೆ ಇಷ್ಟೇ ಹಕ್ಕಿ ಅಂತ ಲೆಕ್ಕ ಇದೆ. ಸೀಸದ ಛರ್ರೆ ಕೆರೆಯ ತಳ ಸೇರಿ, ಅದನ್ನು ನುಂಗಿದ ಹಕ್ಕಿಗಳು ಸಾಯುತ್ತವೆ ಅಂತ 1991ರಿಂದ ನೀರುಹಕ್ಕಿಗೆ ಸೀಸವನ್ನೇ ನಿಷೇಧಿಸಿ ಸ್ಟೀಲ್ ಥರದ್ದು ಬಳಸುತ್ತಾರೆ. ಆ ವಿಡಿಯೋಗಳ ಬಂದೂಕು, ತೋಟಾ, ಚೋಕ್ (ನಳಿಗೆಯ ತುದಿಯನ್ನು ಕಿರಿದು ಮಾಡುವುದು) ಸಲಹೆ ಎಲ್ಲ ಅಲ್ಲಿಯ ಕೆರೆಗೆ ಸರಿ. ಹಾವೇರಿಯಲ್ಲಿ ಕೂತು ಅದನ್ನು ಹಿಡಿದುಕೊಂಡರೆ ನನ್ನ ಹಾಗೇ ಆಗುತ್ತದೆ.

ಹಾಗಾಗಿ ನನ್ನ ಉತ್ತರ: ಹೆಬ್ಬಾತಿಗೆ ಅಂತ ಬಂದೂಕು ತಗೋಬೇಡಿ, ಕಡಿಮೆ ಬೆಲೆಯದೂ ಬೇಡ, ಜಾಸ್ತಿ ಬೆಲೆಯದೂ ಬೇಡ. ಗುರಿ ಹೊಡೆಯುವುದೇ ಇಷ್ಟ ಅಂದರೆ ರೈಫಲ್ ಕ್ಲಬ್ ಸೇರಿ, ಹಾರುವ ಮಣ್ಣಿನ ಬಿಲ್ಲೆ ಹೊಡೆಯುವ ಟ್ರ್ಯಾಪ್ ಕಲಿಯಿರಿ. ಅದೂ ಹನ್ನೆರಡು ಬೋರಿನದೇ ಆಟ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಬೆಳ್ಳಿ ಗೆದ್ದದ್ದು ಡಬಲ್ ಟ್ರ್ಯಾಪ್‌ನಲ್ಲಿ, ಅಂದರೆ ಒಟ್ಟಿಗೆ ಎರಡು ಬಿಲ್ಲೆ ಹಾರಿಸುವ ಆಟದಲ್ಲಿ. ಮೊದಲು ಕ್ಲಬ್ಬಿನವರನ್ನು ಕೇಳಿ, ಬಂದೂಕು ಆಮೇಲೆ.

ಬೆಳೆಯ ಚಿಂತೆ ನಿಜ ಇದ್ದರೆ ನಾನು ಈಗ ಮಾಡುವುದು ಹೇಳುತ್ತೇನೆ. ಕಡಲೆ ಎಳೆಯದಿರುವ ವಾರಗಳಲ್ಲಿ ಹೊಲದ ಸುತ್ತ ಮಿಂಚುವ ಪಟ್ಟಿ ಕಟ್ಟುತ್ತೇನೆ, ಎರಡು ದಿನಕ್ಕೊಮ್ಮೆ ಜಾಗ ಬದಲಿಸುತ್ತೇನೆ, ಇಲ್ಲದಿದ್ದರೆ ಅವು ರೂಢಿ ಮಾಡಿಕೊಳ್ಳುತ್ತವೆ. ರಾತ್ರಿ ಟಾರ್ಚ್ ಹಿಡಿದು ಒಂದು ಸುತ್ತು, ಖಾಲಿ ಎಣ್ಣೆ ಡಬ್ಬಿ ಬಡಿದರೆ ಎದ್ದು ಹೋಗುತ್ತವೆ. ಪೂರ್ತಿ ತಪ್ಪುವುದಿಲ್ಲ. ಅಂಚಿನಲ್ಲಿ ಒಂದಿಷ್ಟು ಮೇಯ್ದೇ ಮೇಯುತ್ತವೆ, ಮೇಯಲಿ ಅಂತ ಬಿಟ್ಟಿದ್ದೇನೆ. ಹಿಮಾಲಯ ದಾಟಿ ಬರುವ ಹಕ್ಕಿ, ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ ನಮ್ಮ ಎರೆ ಹೊಲದವರೆಗೆ ಬಂದಿದೆ.

ಒಮ್ಮೆ ಜನವರಿಯಲ್ಲಿ ಮಾಗಡಿ ಕೆರೆಗೆ ಬನ್ನಿ, ಗದಗದಿಂದ ಸುಮಾರು 26 ಕಿಲೋಮೀಟರ್. 2024ರಲ್ಲಿ ಅದಕ್ಕೆ ರಾಮ್ಸಾರ್ ತಾಣ, ಅಂದರೆ ಜಗತ್ತಿನ ಮಟ್ಟದಲ್ಲಿ ಮಹತ್ವದ ಜೌಗು ನೆಲ, ಅಂತ ಮಾನ್ಯತೆ ಸಿಕ್ಕಿದೆ. ನಿಮ್ಮ 30 ಸಾವಿರದಲ್ಲಿ ಒಂದು ಭಾಗ ಖರ್ಚು ಮಾಡಿ 8x42 (ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ) ಬೈನಾಕ್ಯುಲರ್ ತನ್ನಿ, ಜಾಸ್ತಿ ಜೂಮ್ ಇರುವುದು ಬೇಡ, ಕೈ ನಡುಗಿದರೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಆರಕ್ಕೆಲ್ಲ ಏರಿ ಮೇಲೆ ಇರಬೇಕು, ಸ್ವೆಟರ್ ಮರೆಯಬೇಡಿ. ಬರುವುದಾದರೆ ಇಲ್ಲೇ ಕೆಳಗೆ ಬರೆಯಿರಿ, ನಾನೂ ಬರುತ್ತೇನೆ.